ಲೆಕ್ಕಕ್ಕೆ ಮುಂಚೆ, ಲೆಕ್ಕದ ನಡುವೆ, ಲೆಕ್ಕ ಮುಗಿದ ಮೇಲೆ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಗಣಿತ ಶಿಕ್ಷಕರಿಗೂ ಪಾಲಕರಿಗೂ ಒಂದು ಕೈಪಿಡಿ

“ಸರ್, ಇದು ಕೂಡ್ಸೋದಾ, ಗುಣ್ಸೋದಾ?” ವಾಕ್ಯರೂಪದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಈ ಪ್ರಶ್ನೆ ಬರುತ್ತದೆ. ಬಸವಕಲ್ಯಾಣದ ಪೇಟೆ ಶಾಲೆಯಲ್ಲೂ ಬರುತ್ತದೆ, ಹುಮನಾಬಾದ್ ಸುತ್ತಲಿನ ಹಳ್ಳಿ ಶಾಲೆಯಲ್ಲೂ ಬರುತ್ತದೆ. ಕೇಳುವ ಮಗುವಿಗೆ ಕೂಡಲೂ ಬರುತ್ತದೆ, ಗುಣಿಸಲೂ ಬರುತ್ತದೆ. ಎಲ್ಲಿ ಯಾವುದು ಎಂದು ತೀರ್ಮಾನಿಸುವುದು ಮಾತ್ರ ಬರುವುದಿಲ್ಲ. “ಗುಣಿಸೋದು” ಎಂದು ಶಿಕ್ಷಕರು ಹೇಳಿದರೆ ಮಗು ಥಟ್ಟನೆ ಗುಣಿಸಿ ಉತ್ತರ ತೋರಿಸುತ್ತದೆ. ಆದರೆ ಲೆಕ್ಕದ ಕಷ್ಟದ ಭಾಗ ಆ ಒಂದು ಮಾತಿನಲ್ಲೇ ಮುಗಿದುಹೋಗಿರುತ್ತದೆ, ಅದನ್ನು ಮಾಡಿದವರು ಶಿಕ್ಷಕರು. ಮಗುವಿನ ಪಾಲಿಗೆ ಉಳಿದದ್ದು ಮಗ್ಗಿ.

ನಮ್ಮ ಶಾಲೆಗಳಲ್ಲಿ ಸೂತ್ರ ಕಲಿಸುತ್ತೇವೆ, ಹಂತ ಕಲಿಸುತ್ತೇವೆ. ಹಂತ ಮತ್ತು ಹಂತದ ನಡುವೆ ಮನಸ್ಸು ತೆಗೆದುಕೊಳ್ಳುವ ತೀರ್ಮಾನಗಳನ್ನು ಕಲಿಸುವುದು ಕಡಿಮೆ. ಅದನ್ನೂ ಕಲಿಸಬಹುದು, ಅದಕ್ಕೆ ದುಡ್ಡು ಬೇಕಿಲ್ಲ ಎಂದು ಹೇಳುವುದಕ್ಕೇ ಈ ಲೇಖನ.

ಏನಿದು ಮೆಟಾಕಾಗ್ನಿಷನ್?

ತನ್ನ ಯೋಚನೆಯ ಮೇಲೆ ತಾನೇ ಕಣ್ಣಿಟ್ಟು, ಬೇಕಾದಾಗ ಅದನ್ನು ತಿದ್ದಿಕೊಳ್ಳುವ ಸಾಮರ್ಥ್ಯಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾವೆಲ್ 1970ರ ದಶಕದಲ್ಲಿ ಕೊಟ್ಟ ಹೆಸರು ಮೆಟಾಕಾಗ್ನಿಷನ್. ಬಿ.ಇಡಿ. ಓದಿದವರಿಗೆ ಪದ ಪರಿಚಿತ. ತರಗತಿಯಲ್ಲಿ ಅದಕ್ಕೆ ಮೂರು ಹೊತ್ತು. ಲೆಕ್ಕ ಶುರುಮಾಡುವ ಮುಂಚೆ ದಾರಿ ಯೋಚಿಸುವುದು, ಮಾಡುತ್ತಿರುವಾಗ ದಾರಿ ಸರಿಯಿದೆಯೇ ಎಂದು ನಿಗಾ ಇಡುವುದು, ಮುಗಿದ ಮೇಲೆ ಉತ್ತರ ಒಪ್ಪುವಂಥದ್ದೇ ಎಂದು ಪರೀಕ್ಷಿಸುವುದು.

ಇದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಣಿತ ಶಿಕ್ಷಣದಲ್ಲಿ ಹೆಸರಾದ ಒಂದು ನಿದರ್ಶನವಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಕಲಿಕಾ ಸಮೀಕ್ಷೆಯಲ್ಲಿ 13 ವರ್ಷದ ಮಕ್ಕಳಿಗೆ ಹೀಗೆ ಕೇಳಿದ್ದರು: ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು. 1,128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಸುಮಾರು ಶೇ 70ರಷ್ಟು ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. ಆದರೆ ಶೇ 29ರಷ್ಟು ಮಕ್ಕಳು “31, ಶೇಷ 12” ಎಂದು ಬರೆದರು. 32 ಬಸ್ಸು ಎಂಬ ಸರಿಯುತ್ತರ ಕೊಟ್ಟವರು ಶೇ 23 ಮಾತ್ರ. ಉಳಿದ 12 ಜನ ಎಲ್ಲಿ ಕೂರಬೇಕು ಎಂದು ಶೇಷ ಬರೆದವರು ಕೇಳಿಕೊಳ್ಳಲಿಲ್ಲ. ಕೈ ಲೆಕ್ಕ ಮಾಡಿತ್ತು, ಅದನ್ನು ನೋಡುತ್ತಿರುವ ಕಣ್ಣು ಇರಲಿಲ್ಲ. ಇದೇ ಲೆಕ್ಕವನ್ನು ನಿಮ್ಮ ಶಾಲೆಯ ಪ್ರವಾಸಕ್ಕೆ ಹೊಂದಿಸಿ 170 ಮಕ್ಕಳು, 48 ಸೀಟಿನ ಬಸ್ಸು ಎಂದು ನಾಳೆಯೇ ಕೊಟ್ಟು ನೋಡಿ. ಮೂರೂವರೆ ಬಸ್ಸು ಎಂಬ ಉತ್ತರ ಬಂದರೆ ನಿಮ್ಮ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ತಿಳಿಯುತ್ತದೆ.

ರಾಷ್ಟ್ರಕೂಟರ ಕಾಲದಲ್ಲೇ ಹೇಳಿಯಾಗಿತ್ತು

ಹೆಸರು ಹೊಸದು, ವಿಷಯ ಈ ನೆಲಕ್ಕೆ ಹೊಸದಲ್ಲ. ಹುಮನಾಬಾದಿನಿಂದ ಕಲಬುರಗಿ ದಾಟಿ ಸೇಡಂ ದಾರಿ ಹಿಡಿದರೆ ಕಾಗಿಣಾ ದಂಡೆಯ ಮೇಲೆ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಆ ಗ್ರಂಥದ ಮೊದಲ ಅಧ್ಯಾಯದಲ್ಲಿ ಲೆಕ್ಕಿಗನಿಗೆ ಇರಬೇಕಾದ ಎಂಟು ಗುಣಗಳನ್ನು ಪಟ್ಟಿ ಮಾಡಿದ್ದಾನೆ. ಚುರುಕಾದ ವಿಧಾನ, ಆಲಸ್ಯವಿಲ್ಲದಿರುವುದು, ಸರಿಯಾದ ಗ್ರಹಿಕೆ, ನೆನಪು, ಹೊಸ ಉಪಾಯ ಹುಡುಕುವುದು, ಗೊತ್ತಿಲ್ಲದ ರಾಶಿಯನ್ನು ಬಯಲಿಗೆ ತರುವ ಅಂಕಿಗಳನ್ನು ಹಿಡಿಯುವುದು, ಇವು ಅದರಲ್ಲಿವೆ. ಇವುಗಳ ಜೊತೆಗೆ ಇನ್ನೆರಡು: ಬೇಕಾದ ಫಲ ಬರುತ್ತದೆಯೇ ಎಂಬ ಮುಂದಾಲೋಚನೆ, ಬೇಡದ ಫಲ ಬಂದೀತೇ ಎಂಬ ಎಚ್ಚರ.

ಈ ಕೊನೆಯ ಎರಡು ಗುಣಗಳೇ ನಾವು ಮಾತಾಡುತ್ತಿರುವ ವಿಷಯ. ಶಾಲೆಯಲ್ಲಿ ನಾವು ಹೆಚ್ಚು ದುಡಿಯುವುದು ಚುರುಕು ಮತ್ತು ನೆನಪಿಗಾಗಿ. ಮುಂದಾಲೋಚನೆ, ಎಚ್ಚರ ಎರಡೂ ತಾವಾಗಿಯೇ ಬರುತ್ತವೆ ಎಂದು ಬಿಟ್ಟುಬಿಟ್ಟಿದ್ದೇವೆ. ಮಹಾವೀರಾಚಾರ್ಯ ಅವನ್ನು ಬಿಟ್ಟಿರಲಿಲ್ಲ. ಆಸಕ್ತ ಶಿಕ್ಷಕರಿಗೆ ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದ ಇದೆ, 2000ದಲ್ಲಿ ಹೊಂಬುಜದಿಂದ ಪ್ರಕಟವಾದದ್ದು.

ಒಂದು: ಜೋರಾಗಿ ಯೋಚಿಸಿ ತೋರಿಸಿ

ಎಲ್ಲಕ್ಕಿಂತ ಮುಖ್ಯವಾದ ತಂತ್ರ ಇದು. ಶಿಕ್ಷಕರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಮಕ್ಕಳಿಗೆ ಕಾಣುವುದು ಹಂತಗಳು. ಆ ಹಂತವನ್ನೇ ಏಕೆ ಆರಿಸಿದರು, ಯಾವುದನ್ನು ಬಿಟ್ಟರು, ಎಲ್ಲಿ ಅನುಮಾನ ಬಂತು ಎಂಬುದು ಶಿಕ್ಷಕರ ತಲೆಯೊಳಗೇ ಉಳಿಯುತ್ತದೆ. ಅದನ್ನು ಬಾಯಿಗೆ ತರಬೇಕು. ಹತ್ತನೇ ತರಗತಿಯ ವರ್ಗ ಸಮೀಕರಣದ ಒಂದು ಲೆಕ್ಕ ತೆಗೆದುಕೊಳ್ಳೋಣ:

ಹುಮನಾಬಾದಿನಿಂದ ಕಲಬುರಗಿ ಕಡೆಗೆ ಒಂದು ಬಸ್ಸು ಒಂದೇ ವೇಗದಲ್ಲಿ 60 ಕಿ.ಮೀ. ಹೋಗುತ್ತದೆ. ವೇಗ ಗಂಟೆಗೆ 10 ಕಿ.ಮೀ. ಹೆಚ್ಚಿದ್ದರೆ 18 ನಿಮಿಷ ಮುಂಚೆ ಮುಟ್ಟುತ್ತಿತ್ತು. ಬಸ್ಸಿನ ವೇಗ ಎಷ್ಟು?

ಶಿಕ್ಷಕರು ತರಗತಿಯ ಮುಂದೆ ನಿಂತು ತಮಗೆ ತಾವೇ ಮಾತಾಡಿಕೊಳ್ಳುವಂತೆ, ನಮ್ಮ ಮಾತಿನಲ್ಲೇ, ಹೀಗೆ ಹೇಳಬಹುದು:

“ಏನ್ ಕೇಳ್ಯಾರ? ವೇಗ ಕೇಳ್ಯಾರ, ಸಮಯ ಅಲ್ಲ. ಏನ್ ಕೊಟ್ಟಾರ? ದೂರ 60. ವೇಗ 10 ಹೆಚ್ಚಾದ್ರ 18 ನಿಮಿಷ ಉಳೀತದ. ಸೂತ್ರಕ್ಕ ಕೈ ಹಾಕೋ ಮುಂಚೆ ಒಂದು ಅಂದಾಜು ಮಾಡ್ತೀನಿ. ವೇಗ 30 ಅಂತ ಇಟ್ಕೋತೀನಿ. 60 ಕಿ.ಮೀ.ಗೆ ಎರಡು ತಾಸು. 40ರಾಗ ಹೋದ್ರ ಒಂದೂವರೆ ತಾಸು. ಅರ್ಧ ತಾಸು ಉಳೀತು. ಆದ್ರ ಉಳೀಬೇಕಾದ್ದು 18 ನಿಮಿಷ. ಹಂಗಾದ್ರ ವೇಗ 30ಕ್ಕಿಂತ ಹೆಚ್ಚದ. 50 ಇಟ್ರ? 72 ನಿಮಿಷ. 60ರಾಗ ಹೋದ್ರ 60 ನಿಮಿಷ. ಉಳಿದಿದ್ದು 12, ಕಡಿಮಿ ಆಯ್ತು. ಅಂದ್ರ ಉತ್ತರ 30ಕ್ಕೂ 50ಕ್ಕೂ ನಡುವ ಎಲ್ಲೋ ಅದ.”

ಇದಾದ ಮೇಲೆ ವೇಗಕ್ಕೆ ‘ವ’ ಎಂದು ಹೆಸರಿಟ್ಟು 60/ವ − 60/(ವ+10) = 18 ಎಂದು ಬರೆದು, ಅಲ್ಲೇ ನಿಲ್ಲಬೇಕು.

“ತಡಿ. ವೇಗ ಗಂಟೆ ಲೆಕ್ಕದಾಗ ಅದ, ಇದು ನಿಮಿಷ. ಎರಡೂ ಒಂದೇ ಅಳತಿಗೆ ಬರ್ಬೇಕು. 18 ನಿಮಿಷ ಅಂದ್ರ 18/60 ಗಂಟೆ, ಅಂದ್ರ 3/10.”

ಬಲಬದಿಯನ್ನು 3/10 ಎಂದು ತಿದ್ದಿ ಬಿಡಿಸಿದರೆ ವ² + 10ವ − 2000 = 0 ಬರುತ್ತದೆ. ಮೂಲಗಳು 40 ಮತ್ತು −50. “−50 ವೇಗ ಆಗಂಗಿಲ್ಲ, ಬಿಟ್ಟೆ. 40 ನನ್ನ ಅಂದಾಜಿನೊಳಗ ಅದ. ಹಾಕಿ ನೋಡ್ತೀನಿ: 40ರಾಗ 90 ನಿಮಿಷ, 50ರಾಗ 72. ಉಳಿದಿದ್ದು 18. ಸರಿ ಅದ.”

ನಿಮಿಷವನ್ನು ಗಂಟೆಗೆ ಬದಲಿಸದೆ 18 ಎಂದೇ ಮುಂದುವರಿದ ಮಗುವಿಗೆ ಏನಾಗುತ್ತದೆ ನೋಡಿ. ಬಸ್ಸಿನ ವೇಗ ಗಂಟೆಗೆ ಸುಮಾರು 2.6 ಕಿ.ಮೀ. ಬರುತ್ತದೆ. ನಡೆದುಹೋಗುವ ಮನುಷ್ಯನೇ ಗಂಟೆಗೆ ನಾಲ್ಕೈದು ಕಿ.ಮೀ. ಹೋಗುತ್ತಾನೆ. 30ರಿಂದ 50ರೊಳಗೆ ಎಂದು ಮೊದಲೇ ಅಂದಾಜು ಮಾಡಿಕೊಂಡ ಮಗು ಈ ತಪ್ಪನ್ನು ತಾನೇ ಹಿಡಿಯುತ್ತದೆ. ಅಂದಾಜು ಮಾಡದ ಮಗು ಅಡಿಗೆರೆ ಎಳೆದು ಪುಸ್ತಕ ಮುಚ್ಚುತ್ತದೆ. ಇಬ್ಬರಿಗೂ ಸೂತ್ರ ಗೊತ್ತಿತ್ತು.

ದಿನಕ್ಕೆ ಒಂದು ಲೆಕ್ಕವನ್ನು ಹೀಗೆ ಬಿಡಿಸಿದರೆ ಸಾಕು, ಎಲ್ಲವನ್ನೂ ಅಲ್ಲ. ಕೆಲವು ದಿನಗಳ ನಂತರ ಬೋರ್ಡಿನ ಮುಂದೆ ಮಕ್ಕಳನ್ನೇ ಕರೆದು, ಅವರ ಬಾಯಿಂದ ಇದೇ ಮಾತು ಬರಿಸಬೇಕು.

ಎರಡು: ಗೋಡೆಯ ಮೇಲೆ ಮೂರು ಪ್ರಶ್ನೆ

ಅಮೆರಿಕದ ಗಣಿತ ಶಿಕ್ಷಣ ತಜ್ಞ ಆಲನ್ ಶೋನ್‌ಫೆಲ್ಡ್ ವಿದ್ಯಾರ್ಥಿಗಳು ಲೆಕ್ಕ ಬಿಡಿಸುವುದನ್ನು ಚಿತ್ರೀಕರಿಸಿ ಅಭ್ಯಾಸ ಮಾಡಿದವರು. 1985ರಲ್ಲಿ ಅವರ ಪುಸ್ತಕ ಬಂತು. ಅವರು ಕಂಡದ್ದು ಇಷ್ಟು: ಬಹಳಷ್ಟು ವಿದ್ಯಾರ್ಥಿಗಳು ಲೆಕ್ಕ ಓದಿದ ಕೂಡಲೇ ಒಂದು ದಾರಿ ಹಿಡಿಯುತ್ತಾರೆ, ಅದು ಎಲ್ಲಿಗೂ ಒಯ್ಯದಿದ್ದರೂ ಸಮಯ ಮುಗಿಯುವವರೆಗೆ ಅದನ್ನು ಬಿಡುವುದಿಲ್ಲ. ನುರಿತ ಗಣಿತಜ್ಞ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಯೋಚಿಸುತ್ತಾನೆ, ನಡುನಡುವೆ ನಿಂತು ದಾರಿ ಬದಲಿಸುತ್ತಾನೆ. ಅದಕ್ಕಾಗಿ ಶೋನ್‌ಫೆಲ್ಡ್ ಗುಂಪುಗಳಲ್ಲಿ ಲೆಕ್ಕ ಮಾಡುತ್ತಿದ್ದ ವಿದ್ಯಾರ್ಥಿಗಳ ಬಳಿ ಹೋಗಿ ಮೂರೇ ಪ್ರಶ್ನೆ ಕೇಳುತ್ತಿದ್ದರು. ನಮ್ಮ ತರಗತಿಗೆ ಅವು ಹೀಗೆ ಬರಬಹುದು:

1. ಈಗ ಏನು ಮಾಡುತ್ತಿದ್ದೀ?
2. ಅದನ್ನೇ ಏಕೆ ಮಾಡುತ್ತಿದ್ದೀ?
3. ಅದರಿಂದ ಉತ್ತರಕ್ಕೆ ಏನು ಸಹಾಯ?

ಡ್ರಾಯಿಂಗ್ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಮಕ್ಕಳು ಲೆಕ್ಕ ಮಾಡುವಾಗ ಸಾಲುಗಳ ನಡುವೆ ನಡೆದಾಡುತ್ತ, ಸರಿಯಾಗಿ ಮಾಡುತ್ತಿರುವವರನ್ನೂ ತಪ್ಪಾಗಿ ಮಾಡುತ್ತಿರುವವರನ್ನೂ ಇದೇ ಮೂರು ಪ್ರಶ್ನೆ ಕೇಳಿ. ತಪ್ಪಿದವರನ್ನಷ್ಟೇ ಕೇಳಿದರೆ ‘ಸರ್ ಕೇಳಿದರೆಂದರೆ ತಪ್ಪಾಗಿದೆ’ ಎಂದು ಮಕ್ಕಳು ಅರ್ಥಮಾಡಿಕೊಂಡು ಕೂಡಲೇ ಅಳಿಸಿಬಿಡುತ್ತಾರೆ. ಮೊದಮೊದಲು ಉತ್ತರ ಬರುವುದಿಲ್ಲ. ಕಾಯಿರಿ. ಪ್ರಶ್ನೆ ಬರುವುದು ಖಚಿತ ಎಂದು ಗೊತ್ತಾದ ಮೇಲೆ ಮಕ್ಕಳು ಉತ್ತರ ಸಿದ್ಧಮಾಡಿಕೊಂಡೇ ಬರೆಯತೊಡಗುತ್ತಾರೆ. ನಮಗೆ ಬೇಕಿದ್ದುದೂ ಅದೇ.

ಮೂರು: ಮನೆಮಾತಿನಲ್ಲಿ ಯೋಚಿಸಲು ಬಿಡಿ

ಈ ಎರಡು ತಾಲ್ಲೂಕುಗಳಲ್ಲಿ ಒಂದೇ ತರಗತಿಯ ಮಕ್ಕಳ ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ಎಲ್ಲವೂ ಇರುತ್ತವೆ. ಮಗು ಯೋಚಿಸುವುದು ಮನೆಮಾತಿನಲ್ಲಿ, ಉತ್ತರ ಹೇಳಬೇಕಾದ್ದು ಶಾಲೆಯ ಮಾತಿನಲ್ಲಿ. ಒಂದು ತೊಡಕು ಗಮನಿಸಿ: ಕನ್ನಡದಲ್ಲಿ 47 ಹೇಳುವಾಗ ನಲವತ್ತು ಮೊದಲು, ಏಳು ಆಮೇಲೆ. ಮರಾಠಿ, ಉರ್ದುಗಳಲ್ಲಿ ಏಳು ಮೊದಲು. ಕೆಳಗಿನ ತರಗತಿಯ ಮಗು 47ನ್ನು 74 ಎಂದು ಬರೆದರೆ ಅದು ದಡ್ಡತನವಲ್ಲ, ಕಿವಿಯಲ್ಲಿ ಕೇಳಿದ ಅನುಕ್ರಮದಲ್ಲೇ ಬರೆದಿರುತ್ತದೆ. ‘ಹತ್ತು ಎಷ್ಟು, ಬಿಡಿ ಎಷ್ಟು?’ ಎಂದು ಬರೆಯುವ ಮುಂಚೆ ತನ್ನನ್ನು ತಾನೇ ಕೇಳಿಕೊಳ್ಳುವುದನ್ನು ಕಲಿಸಿದರೆ ಆ ತಪ್ಪು ಕಡಿಮೆಯಾಗುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ಜೋಡಿ ಕೆಲಸ. ಒಂದೇ ಮನೆಮಾತಿನ ಇಬ್ಬರನ್ನು ಕೂರಿಸಿ. ಒಬ್ಬರು ಜೋರಾಗಿ ಯೋಚಿಸುತ್ತ ಲೆಕ್ಕ ಬಿಡಿಸಬೇಕು, ಇನ್ನೊಬ್ಬರು ಪೆನ್ ಮುಟ್ಟದೆ ಕೇಳಿಸಿಕೊಂಡು ಗೋಡೆಯ ಮೂರು ಪ್ರಶ್ನೆ ಕೇಳಬೇಕು. ಉತ್ತರ ಹೇಳಿಕೊಡುವಂತಿಲ್ಲ. ಮುಂದಿನ ಲೆಕ್ಕಕ್ಕೆ ಪಾತ್ರ ಅದಲುಬದಲು. ಯಾವ ಭಾಷೆಯಲ್ಲಿ ಮಾತಾಡಿದರೂ ಸರಿ, ಬರೆಯುವಾಗ ಶಾಲೆಯ ಭಾಷೆ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸುವ ಶಿಕ್ಷಕರಿಗೂ ಇದು ಅನುಕೂಲ. ಒಂದು ತರಗತಿ ಜೋಡಿಯಲ್ಲಿ ಕೆಲಸ ಮಾಡುವಾಗ ಇನ್ನೊಂದಕ್ಕೆ ಪಾಠ ಮಾಡಬಹುದು.

ನಾಲ್ಕು: ಮುಟ್ಟುವ ಮುಂಚೆ ಊಹೆ

ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನದ ಕಿಟ್ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬಂದಿದೆ. ಪೆಟ್ಟಿಗೆಯಲ್ಲೇ ಉಳಿದಿದ್ದರೆ ಹೊರಗೆ ತೆಗೆಯಿರಿ. ಆದರೆ ಸಾಮಗ್ರಿ ಕೈಗೆ ಕೊಡುವ ಮುಂಚೆ ಊಹೆ ಕೇಳಿ. 1/3 ದೊಡ್ಡದೋ, 1/4 ದೊಡ್ಡದೋ? ನಾಲ್ಕು ಮೂರಕ್ಕಿಂತ ದೊಡ್ಡದು, ಹಾಗಾಗಿ 1/4 ಎನ್ನುವವರು ಇದ್ದೇ ಇರುತ್ತಾರೆ. ಊಹೆಯನ್ನು ಸ್ಲೇಟಿನ ಮೇಲೆ ಬರೆಸಿ, ಆಮೇಲೆ ಭಿನ್ನರಾಶಿ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಹೇಳಿ. ಬರೆದದ್ದಕ್ಕೂ ಕಂಡದ್ದಕ್ಕೂ ತಾಳೆಯಾಗದಿದ್ದಾಗ ‘ನಾನು ಹಾಗೇಕೆ ಅಂದುಕೊಂಡೆ?’ ಎಂಬ ಪ್ರಶ್ನೆ ಮಗುವಿನಲ್ಲೇ ಹುಟ್ಟುತ್ತದೆ. ಊಹೆಯಿಲ್ಲದೆ ಪಟ್ಟಿ ಕೊಟ್ಟರೆ ಅದು ಆಟವಾಗಿ ಮುಗಿಯುತ್ತದೆ.

ಐದು: ತಪ್ಪಿನ ಪುಸ್ತಕ

ಪ್ರತಿ ಮಗುವಿಗೂ ನೋಟ್‌ಬುಕ್ಕಿನ ಕೊನೆಯ ಹತ್ತು ಹಾಳೆ ಇದಕ್ಕೆ ಮೀಸಲಿರಲಿ. ತಪ್ಪಾದ ಲೆಕ್ಕದ ಸರಿಯುತ್ತರವನ್ನು ಬೋರ್ಡಿನಿಂದ ನಕಲು ಮಾಡುವ ಬದಲು, ತಪ್ಪು ಯಾವ ಜಾತಿಯದು ಎಂದು ಒಂದು ಸಾಲು ಬರೆಯಬೇಕು. ನಾಲ್ಕು ಜಾತಿ ಸಾಕು:

• ಓದುವ ತಪ್ಪು: ಕೇಳಿದ್ದೊಂದು, ಮಾಡಿದ್ದೊಂದು.
• ದಾರಿಯ ತಪ್ಪು: ಹೊಂದದ ಸೂತ್ರ ಹಿಡಿದದ್ದು.
• ಅಳತೆಯ ತಪ್ಪು: ನಿಮಿಷ–ಗಂಟೆ, ಸೆಂ.ಮೀ.–ಮೀಟರ್ ಬೆರೆಸಿದ್ದು.
• ಕೈತಪ್ಪು: ಚಿಹ್ನೆ, ಮಗ್ಗಿ, ದಶಕ ಬಿಟ್ಟದ್ದು.

ತಿಂಗಳ ಕೊನೆಗೆ ಎಣಿಸಲು ಹೇಳಿ. ‘ನನಗೆ ಗಣಿತ ಬರಲ್ಲ’ ಎನ್ನುತ್ತಿದ್ದ ಹುಡುಗಿಗೆ ತನ್ನ ತಪ್ಪುಗಳಲ್ಲಿ ಹೆಚ್ಚಿನವು ಓದುವ ತಪ್ಪುಗಳೇ ಎಂದು ಕಂಡರೆ, ಅವಳು ಸರಿಪಡಿಸಬೇಕಾದ್ದು ಇಡೀ ಗಣಿತವಲ್ಲ, ಒಂದು ಅಭ್ಯಾಸ. ಅದು ಕೈಗೆಟುಕುವ ಕೆಲಸ. ಈ ಪುಸ್ತಕಕ್ಕೆ ಅಂಕ ಕೊಡಬೇಡಿ, ಬೇರೆ ಮಕ್ಕಳಿಗೆ ಓದಿ ತೋರಿಸಬೇಡಿ. ನಗೆಪಾಟಲಾದ ತಪ್ಪನ್ನು ಮಗು ಮತ್ತೆ ಬರೆಯುವುದಿಲ್ಲ, ಮುಚ್ಚಿಡುತ್ತದೆ.

ಆರು: ಅಧ್ಯಾಯ ಬೆರೆಸಿ

ಸಮಾಂತರ ಶ್ರೇಢಿಯ ಅಧ್ಯಾಯದ ಕೊನೆಯಲ್ಲಿರುವ ಲೆಕ್ಕಗಳೆಲ್ಲ ಸಮಾಂತರ ಶ್ರೇಢಿಯವೇ. ಯಾವ ಸೂತ್ರ ಎಂದು ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಪರೀಕ್ಷೆಯಲ್ಲಿ ಅಧ್ಯಾಯದ ಹೆಸರು ಇರುವುದಿಲ್ಲ, ಅಲ್ಲಿ ಮಕ್ಕಳು ತಡವರಿಸುತ್ತಾರೆ. ವಾರಕ್ಕೊಮ್ಮೆ ಬೇರೆ ಬೇರೆ ಅಧ್ಯಾಯದ ಎಂಟು ಲೆಕ್ಕ ಬರೆದು, ಬಿಡಿಸದೆ, ಪ್ರತಿಯೊಂದರ ಮುಂದೆ ಎರಡು ವಿಷಯ ಬರೆಯಲು ಹೇಳಿ: ಇದು ಯಾವ ಅಧ್ಯಾಯದ್ದು, ಅದು ನಿನಗೆ ಯಾವ ಮಾತಿನಿಂದ ಗೊತ್ತಾಯಿತು. ಹತ್ತು ನಿಮಿಷದ ಕೆಲಸ. ಆರಿಸುವುದನ್ನೇ ಅಭ್ಯಾಸ ಮಾಡಿಸುವ ಬೇರೆ ದಾರಿ ನಮ್ಮ ಪಠ್ಯಕ್ರಮದಲ್ಲಿ ಕಡಿಮೆ.

ಎಸ್ಸೆಸ್ಸೆಲ್ಸಿಯ ಆ 15 ನಿಮಿಷ

ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಗಿರುವುದು ಎಲ್ಲರಿಗೂ ಗೊತ್ತಿರುವ ನೋವು. ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ. ಇತ್ತೀಚಿನ ವರ್ಷಗಳ ಮಾದರಿಯಲ್ಲಿ 38 ಪ್ರಶ್ನೆ, ಒಟ್ಟು 3 ಗಂಟೆ 15 ನಿಮಿಷ. ಅದರಲ್ಲಿ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆ. ಈ ಕಾಲು ಗಂಟೆಯನ್ನು ಹೇಗೆ ಬಳಸಬೇಕೆಂದು ಮಕ್ಕಳಿಗೆ ಯಾರೂ ಕಲಿಸದಿದ್ದರೆ ಅದು ಗಾಬರಿಯಲ್ಲೇ ಕಳೆದುಹೋಗುತ್ತದೆ.

ಕಲಿಸುವುದು ಹೀಗೆ. ಪೂರ್ವಸಿದ್ಧತಾ ಪರೀಕ್ಷೆಗಳಲ್ಲೇ ಮಕ್ಕಳಿಗೆ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಮೂರು ಗುಂಪು ಮಾಡಿಸಿ: ಖಂಡಿತ ಬರುವುದು, ಯೋಚಿಸಿದರೆ ಬರುವುದು, ಈಗ ಗೊತ್ತಾಗದ್ದು. ಬರೆಯಲು ಶುರುಮಾಡುವುದು ಮೊದಲ ಗುಂಪಿನಿಂದ. ಎರಡನೇ ಗುಂಪಿನ ಲೆಕ್ಕದಲ್ಲಿ ಸಿಕ್ಕಿಬಿದ್ದರೆ ಎಷ್ಟು ಹೊತ್ತಿಗೆ ಬಿಟ್ಟು ಮುಂದೆ ಹೋಗಬೇಕು ಎಂಬುದನ್ನೂ ಮೊದಲೇ ನಿಶ್ಚಯಿಸಿಕೊಂಡಿರಬೇಕು. ಕೊನೆಯ ಹತ್ತು ನಿಮಿಷ ಏಕಮಾನ, ಚಿಹ್ನೆ, ಉತ್ತರ ಒಪ್ಪುವಂಥದ್ದೇ ಎಂಬ ತಪಾಸಣೆಗೆ.

ಪರೀಕ್ಷೆ ಮುಗಿದ ಮೇಲೂ ಒಂದು ಕೆಲಸವಿದೆ. ತಿದ್ದಿದ ಉತ್ತರ ಪತ್ರಿಕೆ ಕೊಡುವ ಮುಂಚೆ, ‘ನಿನಗೆ ಎಷ್ಟು ಬರುತ್ತದೆ ಅಂದುಕೊಂಡಿದ್ದೀ?’ ಎಂದು ಬರೆಸಿ. ಪತ್ರಿಕೆ ಕೈಗೆ ಬಂದ ಮೇಲೆ, ‘ಹೇಗೆ ಓದಿದ್ದೆ? ಅದರಲ್ಲಿ ಯಾವುದು ಉಪಯೋಗಕ್ಕೆ ಬಂತು? ಮುಂದಿನ ಸಲ ಏನು ಬದಲಿಸುತ್ತೀ?’ ಎಂದು ಬರೆಸಿ. ಆ ಚೀಟಿಗಳನ್ನು ನೀವು ಇಟ್ಟುಕೊಂಡು, ಮುಂದಿನ ಪರೀಕ್ಷೆಗೆ ಎರಡು ವಾರ ಇರುವಾಗ ಅವರವರ ಕೈಗೆ ಮರಳಿಸಿ. ಬಿಡಿಸಿದ ಲೆಕ್ಕವನ್ನು ಓದಿ ‘ಅರ್ಥವಾಯಿತು’ ಎಂದುಕೊಂಡಿದ್ದವರಿಗೆ, ಪುಸ್ತಕ ಮುಚ್ಚಿ ತಾನೇ ಬಿಡಿಸುವುದು ಬೇರೆ ಎಂದು ತಮ್ಮ ಕೈಬರಹದಲ್ಲೇ ಕಾಣುತ್ತದೆ.

ಪಾಲಕರಿಗೆ

‘ನಮಗೇ ಓದು ಬರಲ್ಲ, ಹ್ಯಾಂಗ ಹೇಳಿಕೊಡೋದು’ ಎನ್ನುವ ತಂದೆ ತಾಯಿಯರೇ ಇಲ್ಲಿ ಹೆಚ್ಚು. ಹೇಳಿಕೊಡುವುದು ಬೇಡ, ಕೇಳಿದರೆ ಸಾಕು. “ಏನ್ ಕೇಳ್ಯಾರ? ಯಾಕ ಹಿಂಗ ಮಾಡಿದಿ? ಸರಿ ಅದ ಅಂತ ಹ್ಯಾಂಗ ಗೊತ್ತಾಯ್ತು?” ಈ ಮೂರಕ್ಕೆ ಗಣಿತ ಗೊತ್ತಿರಬೇಕಿಲ್ಲ. ಮಗು ನಿಮಗೆ ವಿವರಿಸಲು ಹೋಗಿ ತನ್ನ ತಪ್ಪನ್ನು ತಾನೇ ಕಾಣುತ್ತದೆ.

ಇನ್ನು ನಿಮಗೆ ಗಣಿತ ಬರುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಸೋಯಾ, ತೊಗರಿ ಮಾರಲು ಹೋದಾಗ ಎಷ್ಟು ಚೀಲ, ಎಷ್ಟು ಕ್ವಿಂಟಲ್, ಗಾಡಿ ಬಾಡಿಗೆ ಹಮಾಲಿ ಕಳೆದು ಕೈಗೆ ಎಷ್ಟು ಎಂದು ಮೊದಲೇ ಅಂದಾಜು ಮಾಡಿಕೊಂಡೇ ಹೋಗುತ್ತೀರಿ. ಪಟ್ಟಿಯಲ್ಲಿ ಬೇರೆ ಅಂಕಿ ಬಂದರೆ ಅಲ್ಲೇ ನಿಂತು ಕೇಳುತ್ತೀರಿ. ಆ ಅಂದಾಜನ್ನು ಮಗುವಿನ ಮುಂದೆ ಬಾಯಿಬಿಟ್ಟು ಮಾಡಿ. ಅದು ಯಾವ ಟ್ಯೂಷನ್ನಿಗೂ ಕಡಿಮೆಯಲ್ಲ.

ಎಚ್ಚರಿಕೆಗಳು

ಮಗ್ಗಿ, ಸೂತ್ರ, ಮೂಲಕ್ರಿಯೆಗಳು ಬಾರದ ಮಗುವಿಗೆ ‘ಯೋಚಿಸು’ ಎಂದರೆ ಪ್ರಯೋಜನವಿಲ್ಲ. ಯೋಚನೆಗೆ ಸಾಮಗ್ರಿ ಬೇಕು, ಎರಡೂ ಜೊತೆಯಲ್ಲಿ ಸಾಗಬೇಕು. ಈ ತಂತ್ರಗಳನ್ನು ಶನಿವಾರದ ಪ್ರತ್ಯೇಕ ಪಿರಿಯಡ್ ಮಾಡಬೇಡಿ. ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ 2018ರಲ್ಲಿ ಶಿಕ್ಷಕರಿಗೆ ಕೊಟ್ಟ ಮಾರ್ಗದರ್ಶಿಯೂ ಇವನ್ನು ಆಯಾ ವಿಷಯದ ಪಾಠದೊಳಗೇ ಕಲಿಸಬೇಕು ಎನ್ನುತ್ತದೆ. ನಮೂನೆ ತುಂಬಿಸುವ ಕೆಲಸವಾಗಿಯೂ ಮಾಡಬೇಡಿ. ‘ನಾನು ಯೋಚಿಸಿದೆ, ಪರಿಶೀಲಿಸಿದೆ’ ಎಂದು ಪ್ರತಿ ಲೆಕ್ಕದ ಕೆಳಗೆ ಬರೆಸಿದರೆ ಮಕ್ಕಳು ಅದನ್ನೂ ನಕಲು ಮಾಡುತ್ತಾರೆ. ಮೊದಲ ಕೆಲವು ವಾರ ಪಾಠ ನಿಧಾನವಾಗುತ್ತದೆ, ಪಾಠಯೋಜನೆಯಲ್ಲಿ ಅದಕ್ಕೆ ಜಾಗ ಇಟ್ಟುಕೊಂಡಿರಿ.

ಎಲ್ಲಿಂದ ಶುರು?

ಆರನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ತಿಂಗಳು ದಿನಕ್ಕೊಂದು ಲೆಕ್ಕ ಜೋರಾಗಿ ಯೋಚಿಸಿ ಬಿಡಿಸುವುದು, ಅಷ್ಟೇ. ಎರಡನೇ ತಿಂಗಳು ಮೂರು ಪ್ರಶ್ನೆಗಳ ಹಾಳೆ ಮತ್ತು ಜೋಡಿ ಕೆಲಸ. ಮೂರನೇ ತಿಂಗಳು ತಪ್ಪಿನ ಪುಸ್ತಕ, ವಾರಕ್ಕೊಮ್ಮೆ ಬೆರಕೆ ಲೆಕ್ಕ. ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ 15 ನಿಮಿಷದ ಅಭ್ಯಾಸ. ಒಂದೇ ಶಾಲೆಯ ಅಥವಾ ಕ್ಲಸ್ಟರಿನ ಇಬ್ಬರು ಶಿಕ್ಷಕರು ಜೊತೆಯಾಗಿ ಮಾಡಿ, ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕುಳಿತು ನೋಡಿದರೆ ಇನ್ನೂ ಒಳ್ಳೆಯದು.

ಅಂಕ ಏರುವುದಕ್ಕೆ ಮುಂಚೆ ಕಾಣುವ ಗುರುತುಗಳಿವೆ. ಮಕ್ಕಳು ಉತ್ತರ ತೋರಿಸಲು ಓಡಿಬರುವ ಮುಂಚೆ ತಾವೇ ಒಮ್ಮೆ ತಿರುಗಿ ನೋಡುತ್ತಾರೆ. ‘ಇಲ್ಲೀತನಕ ಸರಿ ಅದ, ಇಲ್ಲಿಂದ ತಿಳೀವಲ್ದು’ ಎಂದು ಬೆರಳಿಟ್ಟು ತೋರಿಸುತ್ತಾರೆ. ಹಾಗೆ ತೋರಿಸುವ ಮಗುವಿಗೆ ಕಲಿಸುವುದು ಸುಲಭ, ಏಕೆಂದರೆ ಎಲ್ಲಿಂದ ಕಲಿಸಬೇಕೆಂದು ಅದೇ ಹೇಳಿರುತ್ತದೆ. ಟ್ಯೂಷನ್ನಿಗೆ ದುಡ್ಡಿಲ್ಲದ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳಿಗೆ ಈ ಶಕ್ತಿ ಎಲ್ಲರಿಗಿಂತ ಹೆಚ್ಚು ಬೇಕು. ಅದನ್ನು ಕೊಡುವ ಮುಖ್ಯ ಜಾಗ ಅವರ ಶಾಲೆ.